ಕರ್ತೃ ಯಾರು?

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾತಿನ ವಿದ್ಯೆ ಕುರಿತು ಆಡಿದ ಭಾಷಣ)



ಈ ಶಿಬಿರದಲ್ಲಿ ಭೂಮಿ ಬಗ್ಗೆ, ಮೀಸಲಾತಿ ಬಗ್ಗೆ, ಸ್ಕಾಲರ್‌ಶಿಪ್ ಬಗ್ಗೆ ಮಾತಾಡೋರು ಬೇರೆಯವರಿದ್ದಾರೆ. ನಮ್ಮ ಪಾಲಿಗೆ ಬಂದಿರೋದು ಅಲಂಕಾರಶಾಸ್ತ್ರ. ಪಟ್ಟಿ ನೋಡಿ ನಿಮ್ಮಲ್ಲಿ ಕೆಲವರು ನಕ್ಕಿದ್ದನ್ನೂ ನೋಡಿದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು ಅಂದುಕೊಂಡಿರಬೇಕು. ತಪ್ಪೇನಿಲ್ಲ. ಸ್ಕೂಲಿನಲ್ಲಿ ನಮಗೆ ಕಲಿಸಿರೋದೇ ಹಾಗೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಅಂತ ನಾಲ್ಕು ಬರೆದು, ಕೊನೆಗೆ ಸಮನ್ವಯ ಅಂತ ಎರಡು ಸಾಲು ಗೀಚಿ, ಅಂಕ ತಗೊಂಡು ಮರೆತುಬಿಡೋದು. ಸೀತೆಯ ಮುಖಕ್ಕೂ ಚಂದ್ರನಿಗೂ ಹೋಲಿಕೆ ಮಾಡೋದರಿಂದ ನಮ್ಮ ಕೇರಿಗೆ ಏನು ಬಂತು?

ಒಂದು ಸಂಗತಿ ಹೇಳಿ ಶುರು ಮಾಡ್ತೀವಿ.

ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿ. ಊರ ಹೆಸರು ಬೇಡ. ಹಬ್ಬದ ದಿನ ದೇವಸ್ಥಾನದ ಜಗುಲಿ ಹತ್ತಿದ ನಮ್ಮ ಹುಡುಗ ಒಬ್ಬನನ್ನ ಜಾತಿ ಹಿಡಿದು ಬೈದು ಕೆಳಕ್ಕೆ ಎಳೆದು ಹಾಕಿದರು. ಹುಡುಗನ ಅಣ್ಣ ಬಿ.ಎ. ಓದ್ತಿದ್ದ. ರಾತ್ರಿಯೆಲ್ಲ ಕೂತು ಅರ್ಜಿ ಬರೆದ. ಒಳ್ಳೇ ಕನ್ನಡ, ಪತ್ರಿಕೆಗಳಲ್ಲಿ ಬರೋಂಥ ಕನ್ನಡ. "ಸದರಿ ದಿನದಂದು ನನ್ನ ಸಹೋದರನನ್ನು ತಡೆಯಲಾಯಿತು, ಜಾತಿ ಹೆಸರಿನಿಂದ ನಿಂದಿಸಲಾಯಿತು, ಬಲವಂತವಾಗಿ ಹೊರದೂಡಲಾಯಿತು, ಇದರಿಂದ ನಮ್ಮ ಮನಸ್ಸಿಗೆ ತೀವ್ರ ಆಘಾತವುಂಟಾಗಿರುತ್ತದೆ." ಅರ್ಜಿ ಓದಿದ ಸಾಹೇಬರು ಕನ್ನಡಕ ತೆಗೆದು ಕೇಳಿದರು: "ಯಾರಪ್ಪ ತಡೆದಿದ್ದು? ಏನಂತ ಬೈದ? ಯಾರು ನೋಡಿದರು? ಇದರಲ್ಲಿ ಏನೂ ಇಲ್ವಲ್ಲ." ಅರ್ಜಿ ವಾಪಸ್ಸು ಬಂತು.

ನಾವು ಆ ಮನೆಗೆ ಹೋದಾಗ ಹುಡುಗನ ಅಜ್ಜಿ ಹೊಸ್ತಿಲಲ್ಲಿ ಕೂತು ರಾಗಿ ಕೇರ್ತಿದ್ದಳು. ಓದು ಬರಹ ಇಲ್ಲ. ಏನಾಯ್ತಜ್ಜಿ ಅಂದೆವು. ಕೇರೋದು ನಿಲ್ಲಿಸದೇನೆ ಹೇಳಿದಳು: "ದೀಪ ಹಚ್ಚೋ ಹೊತ್ನಲ್ಲಿ ಇಂಥೋರ ಮಗ ಇಂಥೋನು ನನ್ನ ಮೊಮ್ಮಗನ ರಟ್ಟೆ ಹಿಡ್ದು ಎಳ್ದಾಕುದ್ನಲ್ಲಪ್ಪ. ಹಿಂಗಿಂಗೆ ಅಂತ ಬೋದ. ಡೈರಿತಾವು ಹಾಲಿನ ಕ್ಯಾನ್ ಇಡ್ಕೊಂಡು ನಿಂತಿದ್ದೋರೆಲ್ಲ ನೋಡ್ತಾ ಇದ್ರು, ಒಬ್ನೂ ಬ್ಯಾಡ ಅನ್ನಲಿಲ್ಲ." ಇಂಥೋರು ಅಂತ ಹೇಳ್ತಾ ಇರೋರು ನಾವು. ಅವಳು ಹೆಸರು ಹಿಡಿದೇ ಹೇಳಿದಳು. ಬೈದ ಮಾತನ್ನೂ ಆಡಿದ ಹಾಗೇ ಆಡಿದಳು.

1989ರ ದೌರ್ಜನ್ಯ ತಡೆ ಕಾಯ್ದೆ ಏನು ಕೇಳುತ್ತೆ? ಅವಮಾನ ಮಾಡಿದವನು ಯಾರು, ಬೇಕು ಅಂತಲೇ ಮಾಡಿದನಾ, ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ಮಾಡಿದನಾ ಅಂತ ಕೇಳುತ್ತೆ. ಉತ್ತರಾಖಂಡದ ಒಂದು ಕೇಸಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು, ಹೊರಗಿನವರು ಯಾರೂ ಇಲ್ಲದೆ ನಾಲ್ಕು ಗೋಡೆ ಒಳಗೆ ಬೈದರೆ ಈ ಕಲಮು ಹತ್ತಲ್ಲ ಅಂದಿತು. ಅಂದಮೇಲೆ ಡೈರಿ, ಹಾಲಿನ ಕ್ಯಾನು, ನಿಂತಿದ್ದವರು, ಇವು ಅಜ್ಜಿಯ ಕತೆಯ ಒಗ್ಗರಣೆ ಅಲ್ಲ. ಕೇಸಿನ ಬೆನ್ನುಮೂಳೆ. ಅದನ್ನೇ ಬಿ.ಎ. ಓದಿದವನು ಕಿತ್ತು ಹಾಕಿ "ನಿಂದಿಸಲಾಯಿತು" ಅಂತ ಬರೆದ. ಇನ್ನೊಂದು ಮಾತು. ಬಾಯಲ್ಲಿ ಹೇಳಿದ್ದನ್ನ ಠಾಣೆಯವರೇ ಬರ್ಕೊಂಡು, ಓದಿ ಹೇಳಿ, ಸಹಿ ಹಾಕಿಸ್ಕೊಂಡು, ನಕಲು ಪುಕ್ಕಟೆ ಕೊಡಬೇಕು ಅಂತ ಕಾನೂನೇ ಹೇಳುತ್ತೆ. ಅಜ್ಜಿಯನ್ನೇ ಕರ್ಕೊಂಡು ಹೋಗಿದ್ದರೆ ಸಾಕಿತ್ತು.

ಆ ಹುಡುಗನ ತಪ್ಪೇನೂ ಇಲ್ಲ. ನಾವೂ ಅದೇ ಕನ್ನಡ ಬರೆದವರು. ಅವನಿಗೆ ಯಾರೋ ಕಲಿಸಿದ್ದಾರೆ, ಒಳ್ಳೇ ಬರವಣಿಗೆ ಅಂದರೆ ಮಾಡಿದವನ ಹೆಸರು ಬಾರದ ಬರವಣಿಗೆ ಅಂತ. ವ್ಯಾಕರಣದಲ್ಲಿ ಇದನ್ನ ಕರ್ಮಣಿ ಪ್ರಯೋಗ ಅಂತಾರೆ. ಕರ್ತೃ ಹಿಂದಕ್ಕೆ ಸರೀತಾನೆ, ಕರ್ಮ ಮುಂದಕ್ಕೆ ಬರುತ್ತೆ. ಇನ್ನೂ ಸ್ವಲ್ಪ ಜಾಣತನ ಮಾಡಿದರೆ ಕರ್ತೃ ಮಾಯವೇ ಆಗ್ತಾನೆ. ಪತ್ರಿಕೆಗಳಲ್ಲಿ ನೋಡಿ, "ದಲಿತರಿಗೆ ಬಹಿಷ್ಕಾರ". ಹಾಕಿದವರು ಯಾರು? "ಗುಡಿಸಲುಗಳಿಗೆ ಬೆಂಕಿ". ಇಟ್ಟವರು ಯಾರು? ಬೆಂಕಿಗೆ ಕಾಲಿದ್ದು ಅದೇ ನಡ್ಕೊಂಡು ಬಂತಾ? ನಮ್ಮ ಜನರ ಮೇಲಿನ ವಾಕ್ಯಗಳಲ್ಲೆಲ್ಲ ನಾವು ಕರ್ಮ. ಅವರು ಕರ್ತೃ, ಅದೂ ಕಾಣದ ಕರ್ತೃ. ಆಮೇಲೆ ಬಂದು ಹೇಳ್ತಾರೆ, ನಿಮ್ಮ ಕರ್ಮ ಅಂತ.

ಈಗ ಶಾಸ್ತ್ರಕ್ಕೆ ಬರೋಣ. ಕನ್ನಡದಲ್ಲಿ ಉಳಿದು ಬಂದಿರೋ ಮೊಟ್ಟಮೊದಲ ಪುಸ್ತಕ ಯಾವುದು? 9ನೇ ಶತಮಾನದ ಕವಿರಾಜಮಾರ್ಗ. ಅದು ಕತೆಯಲ್ಲ, ಪುರಾಣ ಅಲ್ಲ, ಅಲಂಕಾರಶಾಸ್ತ್ರವೇ. ಹೇಗೆ ಮಾತಾಡಬೇಕು, ಯಾವುದು ದೋಷ, ಯಾವುದು ಗುಣ ಅಂತ ಹೇಳೋ ಪುಸ್ತಕ. ರಾಜನ ನೆರಳಲ್ಲಿ ಹುಟ್ಟಿದ್ದು. ಹಾಗಿದ್ದೂ ಅದರಲ್ಲಿ ಓದು ಇಲ್ಲದ ಜನಕ್ಕೂ ಮಾತಿನ ಬೆಡಗು ಗೊತ್ತು ಅನ್ನೋ ಒಪ್ಪಿಗೆ ಇದೆ. ನಮ್ಮ ಅಜ್ಜಿ ವಿಚಾರದಲ್ಲಿ ಅಷ್ಟು ಮಟ್ಟಿಗೆ ಸರಿಯಾದ ಮಾತು.

ಇನ್ನೊಂದು ಪುಸ್ತಕ ನಮ್ಮ ಶ್ರೀರಂಗಪಟ್ಟಣದ್ದೇ. 1673ರಿಂದ 1704ರವರೆಗೆ ಅಲ್ಲಿ ಆಳಿದವನು ಚಿಕ್ಕದೇವರಾಜ. ಅವನ ಮಂತ್ರಿ ತಿರುಮಲಾರ್ಯ 'ಅಪ್ರತಿಮವೀರ ಚರಿತಂ' ಅಂತ ಒಂದು ಅಲಂಕಾರ ಗ್ರಂಥ ಬರೆದ. ಅಪ್ರತಿಮವೀರ ಅನ್ನೋದು ರಾಜನ ಬಿರುದು. ಒಂದೊಂದು ಅಲಂಕಾರಕ್ಕೂ ಲಕ್ಷಣ, ಕೆಳಗೆ ಉದಾಹರಣೆ. ಉದಾಹರಣೆಗಳು ರಾಜನ ಹೊಗಳಿಕೆ. ಉಪಮೆಗೂ ಅವನೇ, ರೂಪಕಕ್ಕೂ ಅವನೇ. ಅದೇ ರಾಜನ ಕಾಲದಲ್ಲಿ ತೆರಿಗೆ ತಾಳಲಾರದೆ ರೈತರು ದಂಗೆ ಎದ್ದರು. ದಂಗೆಯ ಬೆನ್ನಿಗಿದ್ದರು ಅಂತ ಜಂಗಮರನ್ನ ಕೊಲ್ಲಿಸಿದ ಸಂಗತಿ ವಿಲ್ಕ್ಸ್ ಬರೆದ ಮೈಸೂರು ಚರಿತ್ರೆಯಲ್ಲಿದೆ. ಆ ರೈತರು ಯಾವ ಅಲಂಕಾರಕ್ಕೆ ಉದಾಹರಣೆ ಆದರು? ಮಾತಿನ ವಿದ್ಯೆ ಕಲಿಸೋ ಪುಸ್ತಕದಲ್ಲಿ ಉದಾಹರಣೆ ಯಾರದ್ದು ಅನ್ನೋದನ್ನ ಮೊದಲು ನೋಡಿ. ಲಕ್ಷಣ ಆಮೇಲೆ ಓದಿ.

ಅದೇ ಅರಮನೆಯಲ್ಲಿ ಅಡಿಕೆ ಎಲೆಯ ಸಂಚಿ ಹಿಡಿಯೋ ಕೆಲಸದ ಹೊನ್ನಮ್ಮ ಇದ್ದಳು. ಅವಳೂ ಒಂದು ಕಾವ್ಯ ಬರೆದಳು, 'ಹದಿಬದೆಯ ಧರ್ಮ'. ಗಂಡನಿಗೆ ತಗ್ಗಿ ನಡೀಬೇಕು ಅನ್ನೋ ಪುಸ್ತಕವೇ, ನಾವು ಅದನ್ನ ಹೊತ್ತು ಮೆರೆಸಲ್ಲ. ಆದರೆ ಹೆಣ್ಣನ್ನ ಕೀಳು ಅನ್ನೋರಿಗೆ ಅವರ ಹುಟ್ಟನ್ನೇ ನೆನಪಿಸಿ ಒಂದು ಪ್ರಶ್ನೆ ಹಾಕ್ತಾಳೆ. ಉತ್ತರ ಬೇಕು ಅಂತ ಕೇಳಿದ ಪ್ರಶ್ನೆಯಲ್ಲ, ಬಾಯಿ ಮುಚ್ಚಿಸೋ ಪ್ರಶ್ನೆ. ಅದಕ್ಕೆ ಶಾಸ್ತ್ರದಲ್ಲಿ ಕಾಕು ಅಂತಾರೆ, ದನಿಯಲ್ಲೇ ಅರ್ಥ ತಿರುಗಿಸೋದು. "ನೀವು ಮುಟ್ಟಿದ ರಾಗಿ ತಿಂತಾರೆ, ನೀವು ಮುಟ್ಟಿದ ನೀರು ಕುಡಿಯಲ್ವಾ?" ಅಂತ ನಮ್ಮ ಕೇರಿ ಹೆಂಗಸರು ಕೇಳೋದೂ ಕಾಕುವೇ.

ಶ್ರೀರಂಗಪಟ್ಟಣದ ಕಡೆಯ ಹುಡುಗರಿಗೆ ಚಿಕ್ಕದೇವರಾಯ ಸಾಗರ ನಾಲೆ ಗೊತ್ತು. ಗದ್ದೆಗೆ ನೀರು ಬರೋದೇ ಅದರಲ್ಲಿ. ನಾಲೆ ರಾಜನ ಹೆಸರಲ್ಲಿದೆ. ಮಣ್ಣು ಹೊತ್ತವರ ಹೆಸರು ಒಂದೂ ಇಲ್ಲ. ಆದರೆ ನಮ್ಮ ಭಾಷೆ ಒಂದು ಉಪಕಾರ ಮಾಡಿದೆ. ಕನ್ನಡದಲ್ಲಿ ರಾಜ ನಾಲೆ "ಕಟ್ಟಿದ" ಅನ್ನಲ್ಲ, "ಕಟ್ಟಿಸಿದ" ಅಂತೀವಿ. ಆ "ಇಸು" ಪ್ರತ್ಯಯ ಇದೆಯಲ್ಲ, ಅದು ನಿಜ ಒಪ್ಪಿಕೊಳ್ಳುತ್ತೆ, ಕಟ್ಟಿದವರು ಬೇರೆ ಇದ್ದಾರೆ ಅಂತ. ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ, ಜಂಗಮರನ್ನ ಕೊಲ್ಲಿಸಿದ. ಇನ್ನು ಮೇಲೆ ಚರಿತ್ರೆ ಪುಸ್ತಕ ಓದುವಾಗ ಆ "ಇಸು" ಕಂಡ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ನಮ್ಮ ತಾತಂದಿರು ಇರೋದು ಆ ಗೆರೆಯ ಕೆಳಗೆ.

ಹೆಸರಿಡೋದು ಮಾತಿನ ವಿದ್ಯೆಯಲ್ಲಿ ದೊಡ್ಡ ಕೆಲಸ. ಪಾಂಡವಪುರದವರು ಕೇಳಿ. ನಿಮ್ಮ ಊರು ಮೊದಲು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ಸೈನ್ಯದ ಫ್ರೆಂಚರು ಬಿಡಾರ ಹೂಡಿದ್ದಕ್ಕೆ ಫ್ರೆಂಚ್ ರಾಕ್ಸ್ ಆಯ್ತು. ಆಮೇಲೆ ಪಾಂಡವಪುರ ಆಯ್ತು. ಒಂದು ಊರಿಗೆ ಮೂರು ಹೆಸರು ಬಂದು ಹೋದರೂ, ಕೇರಿಗೆ ಊರವರು ಕರೆಯೋ ಹೆಸರು ಒಂದೇ ಇತ್ತು. ಅದನ್ನ ನಾವು ಇಲ್ಲಿ ಹೇಳಬೇಕಾಗಿಲ್ಲ.

ನಿಮ್ಮ ತಾಲ್ಲೂಕಿನದೇ ಮೇಲುಕೋಟೆ. ಅಲ್ಲಿ ರಾಮಾನುಜಾಚಾರ್ಯರ ಕತೆ ಹೇಳ್ತಾರೆ. ದೆಹಲಿಯಿಂದ ಚೆಲುವನಾರಾಯಣನ ಮೂರ್ತಿ ತರುವಾಗ ಅಸ್ಪೃಶ್ಯರು ನೆರವಾದರಂತೆ. ಅದಕ್ಕೆ ಅವರಿಗೆ "ತಿರುಕುಲದವರು" ಅಂತ ಹೆಸರಿಟ್ಟರಂತೆ. ತಿರು ಅಂದರೆ ಶ್ರೀ, ಪವಿತ್ರ. ಜೊತೆಗೆ ವರ್ಷದಲ್ಲಿ ಮೂರು ದಿನ ದೇವಸ್ಥಾನದ ಒಳಗೆ ಬರೋ ಹಕ್ಕು ಅಂತ ಹಳೇ ಗೆಜೆಟಿಯರುಗಳಲ್ಲಿ ಬರೆದಿದೆ. ಆಚಾರ್ಯರು ಆ ಕಾಲಕ್ಕೆ ದೊಡ್ಡ ಕೆಲಸವನ್ನೇ ಮಾಡಿದರು ಅನ್ನೋರ ಜೊತೆ ನಾವು ಜಗಳಕ್ಕೆ ನಿಲ್ಲಲ್ಲ. ಲೆಕ್ಕ ಮಾತ್ರ ಕೇಳ್ತೀವಿ. ಕುಲ ಪವಿತ್ರ ಆದರೆ ಮಿಕ್ಕ 362 ದಿನ ಏನಾಗಿತ್ತು? ಹೊಗಳಿಕೆಯ ವೇಷದಲ್ಲಿ ಬರೋ ನಿಂದೆಗೆ ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿ ಅಂತಾರೆ. ಪರೀಕ್ಷೆಗೆ ಉದಾಹರಣೆ ಬೇಕಾದರೆ ಇದನ್ನೇ ಬರೀರಿ.

ಹರಿಜನ ಅನ್ನೋದೂ ಅದೇ ಜಾತಿಯ ಮಾತು. ಗಾಂಧೀಜಿ 1933ರಲ್ಲಿ ಆ ಹೆಸರಿನ ಪತ್ರಿಕೆಯನ್ನೇ ಶುರು ಮಾಡಿದರು. 1938ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಆ ಪದವನ್ನ ಕಾಯ್ದೆಯಲ್ಲಿ ಸೇರಿಸಹೊರಟಾಗ ಬಾಬಾಸಾಹೇಬರೂ ಅವರ ಪಕ್ಷದವರೂ ಸಭೆಯಿಂದ ಎದ್ದು ಹೊರಗೆ ನಡೆದರು. ಒಂದು ಪದಕ್ಕೆ ಸಭಾತ್ಯಾಗ! ಆ ಪದ ಜಾತಿ ಸರ್ಟಿಫಿಕೇಟಿನಲ್ಲಿ ಬೇಡ ಅಂತ ಕೇಂದ್ರ ಸರ್ಕಾರ ಹೇಳಿದ್ದು 1982ರಲ್ಲಿ. ಎದ್ದು ನಡೆದದ್ದಕ್ಕೂ ಇದಕ್ಕೂ ನಡುವೆ 44 ವರ್ಷ. ದಲಿತ ಅನ್ನೋ ಹೆಸರು ನಾವೇ ಆರಿಸಿಕೊಂಡದ್ದು. ತುಳಿತಕ್ಕೆ ಒಳಗಾದವನು ಅಂದ ಕೂಡಲೇ ಕೇಳೋನು ಕೇಳಲೇಬೇಕು, ತುಳಿದವನು ಯಾರು ಅಂತ. ಹರಿಜನ ಅಂದರೆ ಆ ಪ್ರಶ್ನೆ ಏಳೋದೇ ಇಲ್ಲ.

ನಾವು ಅವರನ್ನ ಕರೀತಿದ್ದ ಹೆಸರನ್ನೂ ನೋಡಿ. ನಾಗಮಂಗಲದ ಕಡೆ, ನಮ್ಮೆಲ್ಲ ಕಡೆನೂ, ನಮ್ಮ ಹಿರಿಯರು ಒಡೆಯನ ಮುಂದೆ ಟವಲ್ಲು ಕಂಕುಳಿಗೆ ಇಟ್ಕೊಂಡು "ಬುದ್ಧೀ" ಅಂತಿದ್ದರು. ಕರೆದು ಕರೆದು ನಮ್ಮ ಬುದ್ಧಿಯೆಲ್ಲ ಅವರ ಹತ್ತಿರವೇ ಉಳೀತು. ಅವರು "ಏನ್ಲಾ" ಅಂತಿದ್ದರು. ಇಷ್ಟೇ ಸಂಭಾಷಣೆ. ಇದರಲ್ಲಿ ವಾದ ಎಲ್ಲಿಂದ ಹುಟ್ಟುತ್ತೆ?

ನ್ಯಾಯದ ಕಟ್ಟೆ ಮೇಲೆ ನೀವೂ ನಿಂತಿದ್ದೀರಿ. "ಊರವರೆಲ್ಲ ಸೇರಿ ತೀರ್ಮಾನ ಮಾಡಿದೀವಿ" ಅಂತ ಶುರು ಆಗುತ್ತೆ. ಊರು ಅಂದರೆ ಯಾವುದು? ಕೇರಿ ಊರಿನ ಒಳಗಿದೆಯೋ ಹೊರಗಿದೆಯೋ? ಹಬ್ಬಕ್ಕೆ ವಂತಿಗೆ ಎತ್ತುವಾಗ ಒಳಗಿದೆ, ತೇರು ಎಳೆಯುವಾಗ ಹೊರಗೆ. ಒಂದು ಭಾಗ ತಾನೇ ಇಡೀ ಅಂತ ಹೇಳಿಕೊಳ್ಳೋದು, ಇದು ಮಾತಿನಲ್ಲಿ ಆಡೋ ಅತಿ ದೊಡ್ಡ ಆಟ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕತೆಗೆ 'ಊರುಕೇರಿ' ಅಂತ ಹೆಸರಿಟ್ಟು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರು. ಮುಂದಿನ ಸಾರಿ "ಊರವರೆಲ್ಲ" ಅಂದಾಗ ಮೆತ್ತಗೆ ಕೇಳಿ: "ನಮ್ಮ ಕೇರಿಯಿಂದ ಯಾರಿದ್ದರು?"

ಆಮೇಲೆ ಬರೋದು "ಮೊದಲಿಂದ ನಡ್ಕೊಂಡು ಬಂದದ್ದು". ಇದು ವಾದವೇ ಅಲ್ಲ, ವಯಸ್ಸು ಹೇಳೋದು. ಸಿಡುಬೂ ಮೊದಲಿಂದ ಇತ್ತು. ಆಮೇಲೆ "ಎರಡೂ ಕಡೆ ತಪ್ಪಿದೆ". ಹೊಡೆದವನೂ ಹೊಡೆಸಿಕೊಂಡವನೂ ತಕ್ಕಡಿಯ ಎರಡು ತಟ್ಟೆ ಆಗಿಬಿಡ್ತಾರೆ. ಆಮೇಲೆ ಗಾದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ಅದಕ್ಕೊಂದು ರಕ್ಷಣೆಯ ಗಾದೆ ಬೇರೆ. ಗಾದೆಗೆ ತರ್ಕದಿಂದ ಉತ್ತರ ಕೊಡೋಕೆ ಹೋದರೆ ಸೋಲ್ತೀರಿ, ಜನ ನಗ್ತಾರೆ. ಗಾದೆಗೆ ಗಾದೆಯೇ ಎದುರು. ಅದಕ್ಕೆ ಪುಸ್ತಕ ಬೇಡ, ಮತ್ತೆ ಅಜ್ಜಿಯ ಹತ್ತಿರ ಹೋಗಿ ಕೂತ್ಕೊಳ್ಳಿ.

ಗ್ರೀಸ್ ದೇಶದ ಅರಿಸ್ಟಾಟಲ್ 2300 ವರ್ಷದ ಹಿಂದೆ ಭಾಷಣದ ವಿದ್ಯೆ ಮೇಲೆ ಒಂದು ಪುಸ್ತಕ ಮಾಡಿದ. ಇವತ್ತಿಗೂ ಕಾಲೇಜುಗಳಲ್ಲಿ ಅದೇ ಪಾಠ. ಕೇಳುವವರನ್ನ ಒಪ್ಪಿಸೋಕೆ ಮೂರು ದಾರಿ ಅಂದ: ಆಡುವವನ ನಡತೆ, ಕೇಳುವವರ ಮನಸ್ಸಿನ ತಳಮಳ, ಮಾತಿನ ಒಳಗಿನ ನ್ಯಾಯ. ಎಥೋಸ್, ಪೇಥೋಸ್, ಲೋಗೋಸ್ ಅಂತ ಅವರ ಭಾಷೆಯಲ್ಲಿ. ಕೆಲಸಕ್ಕೆ ಬರೋ ಮಾತು, ಇಟ್ಟುಕೊಳ್ಳಿ. ಅದೇ ಅರಿಸ್ಟಾಟಲ್ ಗುಲಾಮನನ್ನ ಜೀವ ಇರೋ ಉಪಕರಣ ಅಂದ. ನೇಗಿಲು ಜೀವ ಇಲ್ಲದ ಉಪಕರಣ, ಗುಲಾಮ ಜೀವ ಇರೋದು. ಅಂದಮೇಲೆ ಮೊದಲನೇ ದಾರಿ ನಮಗೆ ಮುಚ್ಚಿದ್ದೇ. ಜಾತಿ ಕೇಳಿದ ಕೂಡಲೇ ನಮ್ಮ ನಡತೆಯನ್ನ ತೂಗಿ ಮುಗಿಸಿರ್ತಾರೆ. ಎರಡನೇದು ನಮಗೆ ಬಲು ಸಲೀಸು, ಅತ್ತು ತೋರಿಸೋದು. ನಮ್ಮ ಹುಡುಗರ ಭಾಷಣಗಳಲ್ಲಿ ಮುಕ್ಕಾಲು ಪಾಲು ಅದೇ. ಕರುಣೆ ಹುಟ್ಟುತ್ತೆ, ಹಳೇ ಬಟ್ಟೆ ಸಿಗುತ್ತೆ, ನಾಲೆ ನೀರು ಸಿಗಲ್ಲ. ನಾವು ಜೋರು ಮಾಡಬೇಕಾಗಿರೋದು ಮೂರನೇದನ್ನ.

ಅಮೆರಿಕದಲ್ಲಿ ಫ್ರೆಡರಿಕ್ ಡಗ್ಲಸ್ ಅಂತ ಒಬ್ಬ ಗುಲಾಮ ಹುಡುಗ ಇದ್ದ. ಬಾಲ್ಟಿಮೋರ್ ಪಟ್ಟಣದಲ್ಲಿ, ಸುಮಾರು ಹನ್ನೆರಡನೇ ವಯಸ್ಸಿಗೆ, ಕೂಡಿಟ್ಟ ಐವತ್ತು ಸೆಂಟು ಕೊಟ್ಟು ಒಂದು ಪುಸ್ತಕ ತಗೊಂಡ. ತಿಂಡಿ ತಗೊಳ್ಳಲಿಲ್ಲ, ಅಂಗಿ ತಗೊಳ್ಳಲಿಲ್ಲ. ಭಾಷಣ ಕಲಿಸೋ ಪುಸ್ತಕ ತಗೊಂಡ. ಅದರಲ್ಲಿ ಒಡೆಯನಿಗೂ ಗುಲಾಮನಿಗೂ ನಡೆಯೋ ಒಂದು ವಾದ ಇದೆ. ಗುಲಾಮ ವಾದದಲ್ಲೇ ಗೆದ್ದು ಬಿಡುಗಡೆ ಪಡೀತಾನೆ. ಮುಂದೆ ಡಗ್ಲಸ್ ತಪ್ಪಿಸಿಕೊಂಡು ದೊಡ್ಡ ಭಾಷಣಕಾರನಾದ. 1852ರಲ್ಲಿ ಸ್ವಾತಂತ್ರ್ಯೋತ್ಸವದ ಭಾಷಣಕ್ಕೆ ಕರೆದರು. ಜುಲೈ 4ಕ್ಕೆ ಮಾಡಲಿಲ್ಲ, 5ಕ್ಕೆ ಮಾಡಿದ. ಭಾಷಣದ ಉದ್ದಕ್ಕೂ "ನಮ್ಮ ಸ್ವಾತಂತ್ರ್ಯ" ಅನ್ನಲಿಲ್ಲ. "ನಿಮ್ಮ" ಅಂದ. ಒಂದು ಸರ್ವನಾಮ ಬದಲಾಯಿಸಿದ, ಅಷ್ಟೇ. ಕರೆದವರು ಬಿಳಿಯರಾದರೂ ಗುಲಾಮಗಿರಿ ಬೇಡ ಅನ್ನೋರೇ. ಅವರ ಮುಖ ಹೇಗಾಗಿರಬೇಕು!

ಬಾಬಾಸಾಹೇಬರನ್ನೂ ಹೀಗೇ ಕರೆದಿದ್ದರು. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು 1936ರಲ್ಲಿ. ಭಾಷಣ ಮುಂಚೆಯೇ ತರಿಸಿ ಓದಿ, ಹೆದರಿ, ಸಮ್ಮೇಳನವನ್ನೇ ರದ್ದು ಮಾಡಿದರು. ಅವರು ತಮ್ಮದೇ ದುಡ್ಡಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಬಾಯಲ್ಲಿ ಆಡಲೇ ಇಲ್ಲದ ಭಾಷಣ, ಇವತ್ತು ಜಗತ್ತು ಓದ್ತಾ ಇದೆ. ಅದರಲ್ಲಿ ಅಳು ಹುಡುಕಿ, ಸಿಗಲ್ಲ. ಎದುರಾಳಿ ಜಾತಿ ಅಂದರೆ ಕೆಲಸದ ಹಂಚಿಕೆ ಅಂತಾನೆ. ಇವರು ಬೈಯಲ್ಲ, ಆ ಪದವನ್ನೇ ಎತ್ತಿ ಬೆಳಕಿಗೆ ಹಿಡೀತಾರೆ: ಹಂಚಿರೋದು ಕೆಲಸವನ್ನೋ, ಮಾಡೋ ಜನರನ್ನೋ ಅಂತ ಬಿಡಿಸಿ ತೋರಿಸ್ತಾರೆ. ಎದುರಾಳಿಯ ಪದವನ್ನ ಒಪ್ಪಿಕೊಂಡು ವಾದಕ್ಕೆ ಇಳಿದರೆ ಅರ್ಧ ಸೋತ ಹಾಗೆ.

ಅವರ ಮೂರು ಮಾತಿನ ಘೋಷಣೆ ಗೋಡೆ ಗೋಡೆ ಮೇಲೆ ಇದೆ. 1942ರಲ್ಲಿ ನಾಗಪುರದಲ್ಲಿ ಹೇಳಿದಾಗ ಮೂರೂ ಕ್ರಿಯಾಪದ, ಅಪ್ಪಣೆಯ ರೂಪ. ಕ್ರಮವೂ ಬೇರೆ: ಕಲಿಯಿರಿ, ಕೆರಳಿರಿ, ಕೂಡಿರಿ ಅನ್ನೋ ಹಾಗೆ. ಕನ್ನಡಕ್ಕೆ ಬರುವಾಗ ನಾವು ಅದನ್ನ "ಶಿಕ್ಷಣ, ಸಂಘಟನೆ, ಹೋರಾಟ" ಮಾಡಿಕೊಂಡೆವು. ಮೂರೂ ನಾಮಪದ. ಹೋರಾಟವನ್ನ ಕೊನೆಗೆ ತಳ್ಳಿದೆವು. ಕೂಗೋಕೆ ಚೆನ್ನಾಗಿದೆ, ತಾಳಕ್ಕೆ ಕೂರುತ್ತೆ. ಆದರೆ ಅಲ್ಲೂ ಕರ್ತೃ ಬಿದ್ದುಹೋದ. ಇದನ್ನ ಹೇಳಿದ್ದಕ್ಕೆ ನಮ್ಮ ಸಂಗಾತಿಗಳೇ ಕೆಲವರು ಮುನಿಸ್ಕೋಬಹುದು. ಮುನಿಸ್ಕೊಳ್ಳಲಿ.

ಕೊನೆಯದಾಗಿ ರೂಪಕ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಮಲ ಹೊರೋದನ್ನ ನಿಲ್ಲಿಸಿದ ಮಂತ್ರಿ ಅವರೇ. ಹಾಸ್ಟೆಲ್‌ಗಳ ಮೇಲೆ ಹಲ್ಲೆ ನಡೆಯಿತು. ನೋಡಿದಿರಾ, ನಾವೇ "ನಡೆಯಿತು" ಅಂದುಬಿಟ್ಟೆವು. ಹಲ್ಲೆ ತಾನಾಗೇ ನಡೆಯಲ್ಲ. ಮೇಲ್ಜಾತಿ ವಿದ್ಯಾರ್ಥಿಗಳು ನಮ್ಮ ಹಾಸ್ಟೆಲ್‌ಗಳಿಗೆ ನುಗ್ಗಿ ನಮ್ಮ ಹುಡುಗರನ್ನ ಹೊಡೆದರು. ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು.

ಒಂದು ಪದ ಇಷ್ಟು ಮಾಡಿದ್ದು ಹೇಗೆ? ಉಪಮೆಯಲ್ಲಿ ಸಮಾನಧರ್ಮ ಬಿಡಿಸಿ ಹೇಳಬಹುದು, ಬೂಸಾದ ಹಾಗೆ ಸಾರ ಇಲ್ಲದ್ದು ಅಂತ. ರೂಪಕದಲ್ಲಿ ಅದನ್ನ ಕೇಳುವವನ ಕೈಗೆ ಬಿಡ್ತೀವಿ. ಇವರು ಅಂದದ್ದು ಹಸಿದವನಿಗೆ ಇದರಲ್ಲಿ ಅನ್ನ ಇಲ್ಲ ಅಂತ. ಅವರು ಕೇಳಿಸಿಕೊಂಡದ್ದು ತಾಯ್ನುಡಿಗೆ ಬೈದ ಅಂತ. ಯಾರ ಬಾಯಲ್ಲಿ ಬಂತು ಅನ್ನೋದೂ ಸೇರಿಕೊಂಡಿತು. ಅದೇ ಮಾತನ್ನ ಬೇರೆ ಜಾತಿಯ ವಿಮರ್ಶಕ ಅಂದಿದ್ದರೆ ಒಂದು ವಿಚಾರಸಂಕಿರಣ ಆಗ್ತಿತ್ತು, ಕಾಫಿ ತಿಂಡಿ ಕೊಡ್ತಿದ್ದರು. ಇನ್ನು ನಮ್ಮ ಮಂಡ್ಯ ಜಿಲ್ಲೆಯವರಿಗೆ ಬೂಸಾ ಬೈಗುಳವೇ ಅಲ್ಲ. ಅದನ್ನ ತಿಂದ ಹಸುವಿನ ಹಾಲೇ ಡೈರಿಗೆ ಹೋಗೋದು, ಮೂಟೆಗೆ ದುಡ್ಡು ಕೊಡುವಾಗ ಬೆಲೆ ಗೊತ್ತಾಗುತ್ತೆ. ಆ ಗಲಾಟೆಯಲ್ಲಿ ಒಟ್ಟಾದ ಹುಡುಗರಿಂದ ಮುಂದೆ ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೀತು. ಹೊಡೆದವರು ಅದನ್ನ ಎಣಿಸಿರಲಿಲ್ಲ. ಪೆಟ್ಟು ತಿಂದವರು ನಿಮ್ಮ ಹಾಗೆ ಹಾಸ್ಟೆಲ್‌ನಲ್ಲಿ ಇದ್ದವರು ಅನ್ನೋದನ್ನ, ರೂಪಕ ಎಸೆಯೋ ಮುಂಚೆ ಒಂದು ಸಾರಿ ನೆನೀರಿ. ಎಸೆಯಬೇಡಿ ಅಂತ ನಾವು ಹೇಳ್ತಾ ಇಲ್ಲ.

ಊಟದ ಗಂಟೆ ಹೊಡೆಯೋಕೆ ಇನ್ನೂ ಸ್ವಲ್ಪ ಹೊತ್ತಿದೆ. ಪೆನ್ನು ತೆಗೀರಿ. ಆ ಅರ್ಜಿಯನ್ನ ಮತ್ತೆ ಬರೆಯೋಣ. ದಯಮಾಡಿ ಬೇಡ, ಆಘಾತ ಬೇಡ, ಲಾಯಿತು ಬೇಡ. ಅಜ್ಜಿ ಹೇಳಿದ್ದನ್ನ ನಾವು ನಿಧಾನಕ್ಕೆ ಹೇಳ್ತೀವಿ, ನೀವು ಬರ್ಕೊಳ್ಳಿ. ಮೊದಲನೇ ಪದ ಎಳೆದವನ ಹೆಸರು.